ಲಿವಿಡ್ ಅಂದರೆ ಯಾವ ಬಣ್ಣ

ಅಮ್ಮ ಹೋದ ಮೇಲೆ ಬೆಳಗಿನ ಹೊತ್ತು ಏನು ಮಾಡಬೇಕೆಂದೇ ನನಗೆ ತಿಳಿಯುತ್ತಿರಲಿಲ್ಲ. ಅವಳು ಹಾಸಿಗೆ ಹಿಡಿದಿದ್ದ ವರ್ಷಗಳಲ್ಲಿ ಬೆಳಗೆಂದರೆ ಬಿಸಿನೀರು, ಒದ್ದೆ ಬಟ್ಟೆ, ಗಂಜಿ, ಮಾತ್ರೆ, ಬೆನ್ನಿಗೆ ಹಚ್ಚುವ ಪೌಡರು. ಎಲ್ಲ ಮುಗಿಸಿ ತಲೆಯೆತ್ತುವಷ್ಟರಲ್ಲಿ ಬಿಸಿಲು ಹಜಾರದ ಅರ್ಧಕ್ಕೆ ಬಂದಿರುತ್ತಿತ್ತು. ಅವಳು ಹೋದ ಮೇಲೂ ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತು. ಎದ್ದವಳೇ ಅವಳ ಕೋಣೆಯ ಬಾಗಿಲವರೆಗೆ ಹೋಗಿ, ಅಲ್ಲಿ ಅಣ್ಣನ ಮಕ್ಕಳ ಓದುವ ಮೇಜು ಕಂಡು, ವಾಪಸು ಬರುತ್ತಿದ್ದೆ.

ಇದು ತೊಂಬತ್ತರ ದಶಕದ ನಡುವಿನ ಮಾತು. ಬಸವನಗುಡಿಯಲ್ಲಿ ಅಪ್ಪ ಕಟ್ಟಿಸಿದ ಮನೆಯಲ್ಲಿ ಆಗ ಇದ್ದವರು ಅಣ್ಣ, ಅತ್ತಿಗೆ, ಅವರ ಇಬ್ಬರು ಹೆಣ್ಣುಮಕ್ಕಳು ಮತ್ತು ನಾನು. ನನಗೆ ಮೂವತ್ತೈದು ದಾಟಿತ್ತು. ಮೊದಲು ಒಂದು ಪ್ರೈಮರಿ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಅಮ್ಮನಿಗೆ ಪಾರ್ಶ್ವವಾಯು ಹೊಡೆದಾಗ ರಜೆ ಹಾಕಿದೆ. ರಜೆ ಮುಗಿದಾಗ ಕೆಲಸವನ್ನೇ ಬಿಟ್ಟೆ. ಯಾರೂ ಬಿಡು ಎಂದು ಹೇಳಲಿಲ್ಲ, ಬಿಡಬೇಡ ಎಂದೂ ಹೇಳಲಿಲ್ಲ. ಮದುವೆಯ ಮಾತು ಅದಕ್ಕೂ ಮೊದಲೇ ಹಾಗೆಯೇ ನಿಂತುಹೋಗಿತ್ತು. ಒಂದು ವರ್ಷ ಜಾತಕ ಕೇಳಿಕೊಂಡು ಯಾರೂ ಬರಲಿಲ್ಲ, ಮರುವರ್ಷ ನಾವೂ ಕಾಯಲಿಲ್ಲ.

ನನ್ನ ಸ್ಥಿತಿ ನೋಡಿ ಎದುರುಮನೆಯ ನಿವೃತ್ತ ಮೇಷ್ಟರ ಹೆಂಡತಿ ಒಂದು ಶನಿವಾರ ನನ್ನನ್ನು ಚಾಮರಾಜಪೇಟೆಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಹಳೆಯ ಮನೆಯ ಮುಂಭಾಗದಲ್ಲಿ, ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಾಠದ ಪುಸ್ತಕಗಳನ್ನು ಗಟ್ಟಿಯಾಗಿ ಓದಿ, ಕ್ಯಾಸೆಟ್ಟಿಗೆ ತುಂಬಿಸಿಕೊಡುವ ಒಂದು ಪುಟ್ಟ ಸಂಸ್ಥೆಯಿತ್ತು. ಕಪಾಟಿನ ತುಂಬ ಕ್ಯಾಸೆಟ್ಟುಗಳು, ಪ್ರತಿಯೊಂದರ ಬೆನ್ನಿಗೂ ಬ್ರೈಲ್ ಚುಕ್ಕಿಗಳ ಪಟ್ಟಿ. ಓದುವವರು ಮನೆಯಲ್ಲೇ ಓದಿ ಶನಿವಾರ ತಂದುಕೊಟ್ಟರೆ ಸಾಕು ಅಂದರು. ನನ್ನ ಹತ್ತಿರ ಟೇಪ್ ರೆಕಾರ್ಡರ್ ಇದೆಯೇ ಎಂದು ಕೇಳಿದರು. ಅಣ್ಣನ ಟೂ-ಇನ್-ವನ್ ಇತ್ತು. ಅಮ್ಮನಿಗೆ ದೇವರ ನಾಮ ಕೇಳಿಸಲು ಅದು ನನ್ನ ಕೋಣೆಗೆ ಬಂದು ಅಲ್ಲೇ ಉಳಿದುಬಿಟ್ಟಿತ್ತು.

ನನ್ನ ಪಾಲಿಗೆ ಬಂದವನು ಮಂಡ್ಯದ ಕಡೆಯ ಒಂದು ಹಳ್ಳಿಯ ಹುಡುಗ. ಹುಡುಗ ಎಂದರೆ ಇಪ್ಪತ್ತನಾಲ್ಕು ಇಪ್ಪತ್ತೈದರವನು, ಬಿ.ಎ. ಮುಗಿಸಿದ್ದ, ಮಲ್ಲೇಶ್ವರದ ಒಂದು ಹಾಸ್ಟೆಲಿನಲ್ಲಿದ್ದುಕೊಂಡು ಬ್ಯಾಂಕಿನ ಗುಮಾಸ್ತೆ ಪರೀಕ್ಷೆಗೆ ತಯಾರಾಗುತ್ತಿದ್ದ. ಆರನೇ ವಯಸ್ಸಿನಲ್ಲಿ ಯಾವುದೋ ಜ್ವರದಲ್ಲಿ ಕಣ್ಣು ಹೋಗಿತ್ತು. ಲೆಕ್ಕದಲ್ಲಿ ಚುರುಕು. ಇಂಗ್ಲಿಷ್ ಅಂದರೆ ಮಾತ್ರ ಹೆದರಿಕೆ, ಅದರಲ್ಲೂ ಪದಗಳ ಅರ್ಥ, ಸಮಾನಾರ್ಥ, ವಿರುದ್ಧಾರ್ಥ ಕೇಳುವ ಭಾಗ. ಅದಕ್ಕೆಂದೇ ಒಂದು ದಪ್ಪ ಪುಸ್ತಕ ಕೊಂಡಿದ್ದ. ಅದನ್ನು ನಾನು ಓದಿ ತುಂಬಿಸಬೇಕು: ಮೊದಲು ಪದ, ಆಮೇಲೆ ಅಕ್ಷರ ಅಕ್ಷರವಾಗಿ ಸ್ಪೆಲ್ಲಿಂಗು, ಇಂಗ್ಲಿಷ್ ಅರ್ಥ, ಕನ್ನಡ ಅರ್ಥ, ಕೊನೆಗೆ ಒಂದು ವಾಕ್ಯ.

ಕಣ್ಣು ಕಾಣದವರೆಂದರೆ ಮೆದುವಾಗಿ ಮಾತಾಡುವವರು, ಕೃತಜ್ಞತೆಯಿಂದ ಕೈಮುಗಿಯುವವರು ಎಂದು ನಾನು ಅಂದುಕೊಂಡಿದ್ದೆ. ಮೊದಲ ಕ್ಯಾಸೆಟ್ ಕೇಳಿ ಬಂದ ಶನಿವಾರವೇ ಅವನು ತಪ್ಪುಗಳ ಪಟ್ಟಿ ಒಪ್ಪಿಸಿದ. ನಾನು ಬಹಳ ಬೇಗ ಓದುತ್ತೇನಂತೆ. ಬಿ ಮತ್ತು ಡಿ ಒಂದೇ ಥರ ಕೇಳುತ್ತದಂತೆ. ಎರಡನೇ ಬದಿಯಲ್ಲಿ ಫ್ಯಾನಿನ ಸದ್ದು ಜಾಸ್ತಿಯಂತೆ. ನನಗೆ ನಗು ಬಂತು. ಬಹಳ ದಿನಗಳಿಂದ ಯಾರೂ ನನ್ನ ಕೆಲಸದಲ್ಲಿ ತಪ್ಪು ಹುಡುಕುವಷ್ಟು ಅದನ್ನು ಗಮನಿಸಿರಲಿಲ್ಲ. ಮರುವಾರದಿಂದ ಫ್ಯಾನು ಆರಿಸಿ, ಬಾಗಿಲು ಮುಚ್ಚಿ, ಬೆವರುತ್ತ ಓದಿದೆ.

ಹೀಗೆ ಕೆಲವು ತಿಂಗಳು ಕಳೆದವು. ವಾರವೆಲ್ಲ ಓದುವುದು, ಶನಿವಾರ ಮಧ್ಯಾಹ್ನ ನಡೆದುಕೊಂಡು ಚಾಮರಾಜಪೇಟೆಗೆ ಹೋಗುವುದು, ಅಲ್ಲಿ ಅವನ ಪ್ರಶ್ನೆಗಳಿಗೆ ಉತ್ತರ ಹೇಳುವುದು. ಸಂಸ್ಥೆಯವರು ಕೊಡುವ ಅರ್ಧ ಲೋಟ ಟೀ ಕುಡಿದು ಮನೆಗೆ ಬಂದರೆ ಮತ್ತೆ ಮುಂದಿನ ಶನಿವಾರದವರೆಗೆ ನನ್ನನ್ನು ಪ್ರಶ್ನೆ ಕೇಳುವವರು ಇರಲಿಲ್ಲ. ಮನೆಯಲ್ಲಿ ಮಾತು ಇರಲಿಲ್ಲವೆಂದಲ್ಲ. ಹಾಲು ಬಂತೇ, ಬಟ್ಟೆ ಒಣಗಿತೇ, ಮೋಟರ್ ಆಫ್ ಮಾಡಿದಿರಾ, ಇಂಥವು ದಿನವಿಡೀ ಇರುತ್ತಿದ್ದವು.

ಪುಸ್ತಕದಲ್ಲಿ ಕೋಪಕ್ಕೆ ಸಂಬಂಧಿಸಿದ ಪದಗಳೆಲ್ಲ ಒಂದೇ ಪಾಠದಲ್ಲಿದ್ದವು. ಆಂಗ್ರಿಯಿಂದ ಶುರುವಾಗಿ ಕ್ರಾಸ್, ಇಂಡಿಗ್ನಂಟ್, ಐರೇಟ್, ಫ್ಯೂರಿಯಸ್, ಕೊನೆಗೆ ಲಿವಿಡ್. ಮನುಷ್ಯರ ಮೇಲಿನ ಕೋಪಕ್ಕೆ ಆಂಗ್ರಿ ವಿತ್ ಅನ್ನಬೇಕು, ಸಂಗತಿಯ ಮೇಲಿನ ಕೋಪಕ್ಕೆ ಆಂಗ್ರಿ ಅಟ್ ಅಥವಾ ಅಬೌಟ್ ಅನ್ನಬೇಕು ಎಂಬ ನಿಯಮ ಮೊದಲೇ ಕೊಟ್ಟಿದ್ದರು. ನಾನು ಅದನ್ನೆಲ್ಲ ಓದಿ, ಒಂದೊಂದಕ್ಕೂ ಕನ್ನಡ ಹುಡುಕಿದೆ. ಕ್ರಾಸ್ ಅಂದರೆ ಸಿಡುಕು, ಸಣ್ಣ ಮುನಿಸು. ಇಂಡಿಗ್ನಂಟ್ ಅಂದರೆ ಅನ್ಯಾಯ ಕಂಡಾಗ ಬರುವ ಸಿಟ್ಟು. ಐರೇಟ್ ಅಂದರೆ ರೇಗಿದ, ಕೆರಳಿದ. ಲಿವಿಡ್‌ಗೆ ಬಂದಾಗ ಪುಸ್ತಕದಲ್ಲಿ ಬಹಳ ಕೋಪಗೊಂಡ ಎಂದಷ್ಟೇ ಇತ್ತು. ನಾನೂ ಅಷ್ಟೇ ಹೇಳಿ ಮುಂದೆ ಹೋದೆ.

ಆ ಶನಿವಾರ ಅವನು ಅದನ್ನೇ ಹಿಡಿದುಕೊಂಡ. ಫ್ಯೂರಿಯಸ್‌ಗೂ ಬಹಳ ಕೋಪ, ಲಿವಿಡ್‌ಗೂ ಬಹಳ ಕೋಪ ಅಂದರೆ ಎರಡು ಪದ ಯಾಕೆ ಬೇಕು ಎಂದು ಕೇಳಿದ. ಪರೀಕ್ಷೆಯಲ್ಲಿ ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಕೊಟ್ಟರೆ ಯಾವುದನ್ನು ಆರಿಸಬೇಕು? ನನಗೆ ಗೊತ್ತಿರಲಿಲ್ಲ. ನೋಡಿ ಹೇಳ್ತೀನಿ ಅಂದೆ.

ಮನೆಗೆ ಬಂದು ಅಪ್ಪನ ಕಾಲದ ದೊಡ್ಡ ಇಂಗ್ಲಿಷ್-ಕನ್ನಡ ನಿಘಂಟನ್ನು ಇಳಿಸಿದೆ. ಅದರಲ್ಲಿ ಕೋಪ ಕೊನೆಗೆ ಬರುತ್ತಿತ್ತು. ಮೊದಲು ಬಣ್ಣ ಇತ್ತು: ಸೀಸದ ಬಣ್ಣ, ಪೆಟ್ಟು ಬಿದ್ದ ಮೈ ಕಂದಿ ನೀಲಿಗಟ್ಟಿದಾಗಿನ ಬಣ್ಣ. ನನಗೆ ಆಶ್ಚರ್ಯವಾಯಿತು. ನಮ್ಮಲ್ಲಿ ಕೋಪವೆಂದರೆ ಕೆಂಪು. ಕಣ್ಣು ಕೆಂಪಾಗುತ್ತದೆ, ಮುಖ ಕೆಂಪಾಗುತ್ತದೆ, ಮನುಷ್ಯ ಕೆಂಡಾಮಂಡಲವಾಗುತ್ತಾನೆ. ನೀಲಿಗಟ್ಟುವ ಕೋಪವನ್ನು ನಾನು ಕೇಳಿರಲಿಲ್ಲ. ಕೆಂಪಾದ ಕೋಪ ಎಲ್ಲರಿಗೂ ಕಾಣುತ್ತದೆ, ಬೇಗ ಆರುತ್ತದೆ. ಇದು ಏಟು ಬಿದ್ದ ಎಷ್ಟೋ ಹೊತ್ತಿನ ಮೇಲೆ, ಸೀರೆಯ ಒಳಗೆ ಮೇಲೇಳುವ ಬಣ್ಣ.

ಮುಂದಿನ ವಾರ ಅವನಿಗೆ ಇದನ್ನು ಹೇಳಿದೆ. ಹೇಳುವಾಗ ತೊಡಕಾಯಿತು. ಕೆಂಪು ಅವನಿಗೆ ನೆನಪಿತ್ತು, ಅವರ ಮನೆಯ ಜಗಲಿಗೆ ಕೆಮ್ಮಣ್ಣು ಬಳಿಯುತ್ತಿದ್ದರಂತೆ. ಹಸಿರು ನೆನಪಿತ್ತು, ಕಬ್ಬಿನ ಗದ್ದೆ. ನೀಲಿಯ ವಿಷಯದಲ್ಲಿ ಅವನಿಗೆ ಅಷ್ಟು ಖಾತ್ರಿಯಿರಲಿಲ್ಲ. ಸೀಸದ ಬಣ್ಣವನ್ನು ನಾನು ಹೇಗೆ ವಿವರಿಸಲಿ? ಕೊನೆಗೆ, ಎಲ್ಲಾದರೂ ಡಿಕ್ಕಿ ಹೊಡೆದ ಮೇಲೆ ಮೊಣಕಾಲ ಹತ್ತಿರ ಆಗುತ್ತದಲ್ಲ ಅದು ಎಂದೆ.

"ಅದು ಗೊತ್ತು ಬಿಡಿ ಮೇಡಂ, ನಂಗೆ ವಾರಕ್ಕೊಂದಾದ್ರೂ ಇರತ್ತೆ," ಅಂದ. "ನೋಡೋಕೆ ಹೆಂಗಿರತ್ತೋ ಗೊತ್ತಿಲ್ಲ. ಮುಟ್ಟಿದ್ರೆ ನೋಯತ್ತೆ. ಹಂಗೇ ನೆನಪಿಟ್ಕೋತೀನಿ."

ಅಷ್ಟಕ್ಕೆ ಆ ಪದ ಮುಗಿಯಬೇಕಿತ್ತು. ಆದರೆ ಅವನಿಗೆ ವಾಕ್ಯ ಹಿಡಿಸಿರಲಿಲ್ಲ. ಫೈಲು ಕಳೆದದ್ದಕ್ಕೆ ಮ್ಯಾನೇಜರ್ ಲಿವಿಡ್ ಆದರು ಎಂದು ಪುಸ್ತಕದಲ್ಲಿತ್ತು. ಎಲ್ಲ ಪದಗಳಿಗೂ ಇದೇ ಮ್ಯಾನೇಜರು, ಇದೇ ಫೈಲು, ಹೀಗಾದರೆ ನೆನಪಿರುವುದಿಲ್ಲ ಎಂದ. ನಿಮ್ಮ ಮನೆಯದೇ ಒಂದು ಉದಾಹರಣೆ ಕೊಡಿ ಎಂದು ಕೇಳಿದ. ನಮ್ಮ ಮನೆಯಲ್ಲಿ ಅಂಥ ಕೋಪ ಯಾರಿಗೂ ಇಲ್ಲ ಅಂದೆ.

ಕ್ಯಾಸೆಟ್ಟಿನಲ್ಲಿ ಬರುವವರು ಯಾರು ಹಾಗಾದರೆ ಎಂದು ಅವನು ಕೇಳಿದ.

ನನಗೆ ಅರ್ಥವಾಗಲಿಲ್ಲ. ಬಾಗಿಲು ಮುಚ್ಚಿದ್ದರೂ ಅಡುಗೆಮನೆಯ ಸದ್ದು ಟೇಪಿಗೆ ಬರುತ್ತಿತ್ತಂತೆ. ಪಾತ್ರೆ ಇಡುವ ಸದ್ದು. ಆಮೇಲೆ ಯಾರೋ ಏನೋ ಕೇಳುವುದು, ಯಾರೋ ಉತ್ತರ ಹೇಳುವುದು. ಹಾಸ್ಟೆಲಿನಲ್ಲಿ ರೂಮಿನವರೆಲ್ಲ ಸೇರಿ ಕೇಳುವಾಗ ಆ ಮನೆಯಲ್ಲಿ ಯಾರಿಗೋ ಯಾರ ಮೇಲೋ ಸಿಟ್ಟಿದೆ ಎಂದು ಎಲ್ಲರೂ ಅಂದುಕೊಂಡಿದ್ದರಂತೆ. ಅವನು ಇದನ್ನು ತಮಾಷೆಯಾಗಿ ಹೇಳಿದ. ಅತ್ತಿಗೆಗೆ ಅಡುಗೆಮನೆಯಲ್ಲಿ ಕೈ ಸ್ವಲ್ಪ ಜೋರು, ಅಷ್ಟೇ ಎಂದು ನಾನೂ ತಮಾಷೆಯಾಗಿಯೇ ಉತ್ತರಿಸಿದೆ.

"ಪಾತ್ರೆಯವ್ರದ್ದಲ್ಲ ಮೇಡಂ," ಅಂದ. "ಉತ್ತರ ಹೇಳ್ತಾರಲ್ಲ, ಅವ್ರದ್ದು."

ಉತ್ತರ ಹೇಳುವವಳು ನಾನು. ಅದು ಅವನಿಗೆ ತಿಳಿದಿರಲಿಲ್ಲ, ಬೇರೆ ಯಾರೋ ಇರಬೇಕೆಂದುಕೊಂಡಿದ್ದ. ಓದುವ ದನಿಗೂ ಆ ದನಿಗೂ ಅವನಿಗೆ ಹೋಲಿಕೆಯೇ ಕಂಡಿರಲಿಲ್ಲ. ನಾನು ತಿದ್ದಲಿಲ್ಲ. ಸದ್ದು ಸರಿಮಾಡಿ ಮತ್ತೆ ತುಂಬಿಸಿಕೊಡುತ್ತೇನೆಂದು ಹೇಳಿ ಆ ಕ್ಯಾಸೆಟ್ಟನ್ನು ವಾಪಸು ಪಡೆದೆ.

ಮರುದಿನ ಮಧ್ಯಾಹ್ನ ಅಣ್ಣ, ಅತ್ತಿಗೆ ಮಕ್ಕಳನ್ನು ಕರೆದುಕೊಂಡು ಹನುಮಂತನಗರದಲ್ಲಿದ್ದ ಅತ್ತಿಗೆಯ ತವರಿಗೆ ಹೋಗಿದ್ದರು. ಖಾಲಿ ಮನೆಯಲ್ಲಿ ಕೂತು ನನ್ನದೇ ಟೇಪನ್ನು ಕೇಳಿದೆ. ಓದುವ ಹೆಂಗಸಿನ ದನಿ ಚೆನ್ನಾಗಿತ್ತು. ಅದರಲ್ಲಿ ಆಸಕ್ತಿಯಿತ್ತು, ಕೇಳುವವನಿಗೆ ತಿಳಿಯಲಿ ಎಂಬ ಕಾಳಜಿಯಿತ್ತು. ಇಂಡಿಗ್ನಂಟ್ ಎಂದು ಹೇಳಿ ಸ್ಪೆಲ್ಲಿಂಗ್ ಅರ್ಧಕ್ಕೆ ಬಂದಾಗ ಒಳಗಿನಿಂದ ಅತ್ತಿಗೆ, ತಾರಸಿ ಮೇಲಿನ ಬಟ್ಟೆ ತಂದೆಯಾ ಎಂದು ಕೇಳಿದ್ದು ಸಣ್ಣಗೆ ಕೇಳಿಸಿತು. ತೀರ ಸಾಧಾರಣವಾದ ಪ್ರಶ್ನೆ. ಅದಕ್ಕೆ ಬಂದ ಉತ್ತರ ಎರಡೇ ಪದ: "ತರ್ತೀನಿ ಅತ್ತಿಗೆ." ಅದರಲ್ಲಿ ಒರಟುತನವಿರಲಿಲ್ಲ. ಆದರೆ ಆ ದನಿಯಲ್ಲಿ ಮನುಷ್ಯರೇ ಇದ್ದಂತಿರಲಿಲ್ಲ. ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿಕೊಂಡು, ಮರ್ಯಾದೆಯನ್ನು ಲೆಕ್ಕ ಹಾಕಿ ಕೊಟ್ಟ ದನಿ. ಆಮೇಲೆ ಮತ್ತೆ ಅದೇ ಹೆಂಗಸು ಹಿತವಾದ ದನಿಯಲ್ಲಿ ಮುಂದಿನ ಪದ ಓದತೊಡಗಿದಳು.

ನಾನು ಅದನ್ನು ಹಿಂದಕ್ಕೆ ಸುತ್ತಿ ಮತ್ತೆ ಮತ್ತೆ ಕೇಳಿದೆ.

ಅಮ್ಮ ಹೋದಂದಿನಿಂದ ಯಾರು ಹೇಗಿದ್ದೀಯ ಎಂದು ಕೇಳಿದರೂ ನಾನು ಹೇಳುತ್ತಿದ್ದದ್ದು ಒಂದೇ, ಬೇಜಾರು. ನಮ್ಮ ಕನ್ನಡದಲ್ಲಿ ಅದು ಬಹಳ ಅನುಕೂಲದ ಮಾತು. ದುಃಖಕ್ಕೂ ಬೇಜಾರು, ಹೊತ್ತು ಹೋಗದಿದ್ದರೂ ಬೇಜಾರು, ಮನಸ್ಸಿಗೆ ನೋವಾದರೂ ಬೇಜಾರು, ಸಿಟ್ಟು ಬಂದದ್ದನ್ನು ಹೇಳಲಾಗದಿದ್ದರೂ ಬೇಜಾರು. ಯಾವುದು ಎಂದು ಬಿಡಿಸಿ ಹೇಳಬೇಕಾದ ಕಷ್ಟವಿಲ್ಲ, ಕೇಳಿದವರೂ ಬಿಡಿಸಿ ಕೇಳುವುದಿಲ್ಲ. ನಾನು ನನ್ನನ್ನೇ ಕೇಳಿಕೊಂಡಿರಲಿಲ್ಲ. ಆ ಮಧ್ಯಾಹ್ನ ಟೇಪಿನ ಮುಂದೆ ಕೂತಾಗ ಅದು ದುಃಖವಲ್ಲ ಎಂದು ತಿಳಿಯಿತು. ಯಾವತ್ತಿನದು ಎಂದೂ ತಿಳಿಯಿತು.

ಅಮ್ಮನ ವರ್ಷದ ಕಾರ್ಯದ ದಿನ ಮನೆ ತುಂಬ ನೆಂಟರಿದ್ದರು. ಹಜಾರದಲ್ಲಿ ಎಲೆ ಹಾಕಿತ್ತು, ನಾನು ಪಾಯಸ ಬಡಿಸುತ್ತಿದ್ದೆ. ಅಪ್ಪನ ಕಡೆಯ ದೊಡ್ಡಪ್ಪ ಒಬ್ಬರು, ಇಷ್ಟು ವರ್ಷ ಮಲಗಿದ್ದರೂ ಮೈಮೇಲೆ ಒಂದು ಹುಣ್ಣಾಗದ ಹಾಗೆ ನೋಡಿಕೊಂಡಿರಿ, ಈಗಿನ ಕಾಲದಲ್ಲಿ ಯಾರು ಮಾಡುತ್ತಾರೆ ಎಂದು ಅಣ್ಣನಿಗೆ ಹೇಳಿದರು. ಅಣ್ಣ ಕಣ್ಣೊರೆಸಿಕೊಂಡು, ನಮ್ಮ ಕರ್ತವ್ಯ ದೊಡ್ಡಪ್ಪ, ನಾನೂ ಇವಳೂ ಆದಷ್ಟು ಮಾಡಿದೆವು ಅಂದ. ಇವಳು ಎಂದರೆ ಅತ್ತಿಗೆ. ನಾನು ಅವರ ಎಲೆಗಳಿಗೇ ಪಾಯಸ ಹಾಕುತ್ತಿದ್ದೆ. ಸಾಕಮ್ಮಾ ಎಂದು ದೊಡ್ಡಪ್ಪ ಕೈ ಅಡ್ಡ ಹಿಡಿದರು. ನಾನು ಮುಂದಿನ ಎಲೆಗೆ ಹೋದೆ. ಅವತ್ತು ನನಗೆ ಏನೂ ಅನಿಸಲಿಲ್ಲ. ನಿಜವಾಗಿ ಏನೂ ಅನಿಸಲಿಲ್ಲ. ಕೆಲಸ ಬಹಳವಿತ್ತು.

ಅದಾಗಿ ಎಂಟು ಒಂಬತ್ತು ತಿಂಗಳ ಮೇಲೆ ಆ ಏಟು ಈಗ ಬಣ್ಣ ತಿರುಗಿತ್ತು.

ಟೇಪ್ ಕೇಳಿದ ಮೇಲೆ ನಾನು ಯಾರಿಗೂ ಏನೂ ಹೇಳಲಿಲ್ಲ. ಆ ಪಾಠವನ್ನು ಮೊದಲಿನಿಂದ ಓದಿ ಮತ್ತೆ ತುಂಬಿಸಿಕೊಟ್ಟೆ, ಅಡುಗೆಮನೆ ಮಲಗಿದ್ದ ಹೊತ್ತು ನೋಡಿ. ಆದರೆ ಗೊತ್ತಾದ ಮೇಲೆ ಸುಮ್ಮನಿರುವುದು ಮೊದಲಿನಷ್ಟು ಸುಲಭವಾಗಲಿಲ್ಲ. ಮಾತಾಡಿದಾಗಲೆಲ್ಲ ನನ್ನ ದನಿ ನನಗೇ ಕೇಳಿಸುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಅಣ್ಣನ ಆಫೀಸಿನ ಸ್ನೇಹಿತರೊಬ್ಬರು ಹೆಂಡತಿಯೊಂದಿಗೆ ಬಂದರು. ನಾನು ಕಾಫಿ ತಂದುಕೊಟ್ಟೆ. ಆಕೆ ನನ್ನನ್ನು ನೋಡಿ, ಇವರು ಏನು ಮಾಡ್ತಿದ್ದಾರೆ ಎಂದು ಅಣ್ಣನನ್ನು ಕೇಳಿದರು. ನಾನು ಎದುರಿಗೇ ಇದ್ದೆ. ಅಣ್ಣ ಯಾವ ಕೆಟ್ಟ ಮನಸ್ಸೂ ಇಲ್ಲದೆ, ಅವಳು ಮನೆಯಲ್ಲೇ ಇರ್ತಾಳೆ, ಮೊದಲಿಂದಲೂ ಹಾಗೇ, ಹೊತ್ತು ಹೋಗೋಕೆ ಕುರುಡ ಹುಡುಗರಿಗೆ ಏನೋ ಓದಿಕೊಡ್ತಾಳೆ ಎಂದ. ಆಕೆ ಒಳ್ಳೇ ಪುಣ್ಯದ ಕೆಲಸ ಅಂದರು. ನಾನು ಖಾಲಿ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದೆ. ಅವರು ಹೊರಡುವವರೆಗೂ ಅಡುಗೆಮನೆಯ ಬಾಗಿಲ ಹತ್ತಿರ ನಿಂತಿದ್ದೆ. ಕೈ ತಣ್ಣಗಾಗಿತ್ತು. ಕೋಪದಲ್ಲಿ ಮೈ ಬಿಸಿಯಾಗುತ್ತದೆ ಅಂತಲೇ ನನಗೆ ಗೊತ್ತಿದ್ದದ್ದು.

ಗೇಟು ಹಾಕಿಕೊಂಡು ಅಣ್ಣ ಒಳಗೆ ಬಂದಾಗ ಹೇಳಿದೆ.

"ಮೊದಲಿಂದಲೂ ಮನೇಲಿರ್ಲಿಲ್ಲ ನಾನು. ಕೆಲಸ ಬಿಟ್ಟೆ. ಅಮ್ಮನ್ನ ನೋಡ್ಕೊಂಡಿದ್ದು ನಾನು."

ಅಣ್ಣ ಪೇಪರು ಕೈಗೆತ್ತಿಕೊಂಡಿದ್ದ. ಇಲ್ಲ ಅಂತ ಯಾರಂದರು ಎಂದು ಕೇಳಿದ.

"ವರ್ಷದ ದಿನ ನೀನಂದೆ."

ಅವನಿಗೆ ನೆನಪಾಗಲಿಲ್ಲ. ನಾನು ದೊಡ್ಡಪ್ಪನ ಮಾತು ಹೇಳಿದೆ, ಅವನ ಉತ್ತರ ಹೇಳಿದೆ. ಜಗಳವಾಗಿದ್ದರೆ ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು, ಎರಡು ಮಾತು ಅವನೂ ಆಡುತ್ತಿದ್ದ. ನಾನು ದನಿ ಎತ್ತಿರಲಿಲ್ಲ.

"ನಿಂಗೆ ಕೋಪಾನಾ?" ಎಂದು ಕೇಳಿದ.

"ಹೌದು."

"ಅಷ್ಟು ಸಣ್ಣ ಮಾತಿಗಾ?"

"ಮಾತಿನ ಮೇಲಲ್ಲ. ನಿನ್ನ ಮೇಲೆ."

ಅವನು ಪೇಪರು ಮಡಿಸಿಟ್ಟು ಸ್ನಾನಕ್ಕೆ ಹೋದ. ಆ ದಿನ ಊಟದ ಹೊತ್ತಿನಲ್ಲಿ ಮಕ್ಕಳು ಮಾತ್ರ ಮಾತಾಡಿದರು.

ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ಕೇಳಿದ್ದೆ. ನನಗೆ ಹಾಗೇನೂ ಆಗಲಿಲ್ಲ. ಮುಂದಿನ ಒಂದು ವಾರ ಅಣ್ಣ ನನ್ನೊಡನೆ ಬಹಳ ಎಚ್ಚರಿಕೆಯಿಂದ ನಡೆದುಕೊಂಡ. ಫ್ಯಾನು ಹಾಕಲಾ ಎಂದು ಕೇಳಿ ಹಾಕುತ್ತಿದ್ದ. ಟೀವಿ ಜೋರಾಯಿತಾ ಎಂದು ಕೇಳುತ್ತಿದ್ದ. ಮನೆಗೆ ಬಂದ ನೆಂಟರ ಹತ್ತಿರ, ಅಮ್ಮನನ್ನು ನಮ್ಮ ತಂಗಿಯೇ ನೋಡಿಕೊಂಡದ್ದು ಎಂದು ಸಂದರ್ಭವಿಲ್ಲದಿದ್ದರೂ ತಂದು ಹೇಳಿದ. ಅವನು ಹಾಗೆ ಹೇಳುವಾಗ ನನಗೆ ಎದ್ದು ಹೋಗಬೇಕೆನಿಸುತ್ತಿತ್ತು. ಕೇಳಿ ಪಡೆದ ಮೇಲೆ ಆ ಮಾತಿಗೆ ರುಚಿ ಉಳಿದಿರಲಿಲ್ಲ.

ಅತ್ತಿಗೆ ಮಾತ್ರ ಒಂದು ಮಧ್ಯಾಹ್ನ ಹಿತ್ತಿಲಲ್ಲಿ ನಾನು ಅಕ್ಕಿ ಆರಿಸುತ್ತ ಕೂತಿದ್ದಾಗ ಬಂದು ಪಕ್ಕದಲ್ಲಿ ಕೂತರು. ಇನ್ನೊಂದು ಮೊರ ತೆಗೆದುಕೊಂಡು ಅವರೂ ಆರಿಸತೊಡಗಿದರು. ನಮ್ಮಿಬ್ಬರಿಗೂ ಮನೆಗೆಲಸ ಬಿಟ್ಟು ಬೇರೆ ಮಾತು ಎಂದೂ ಇರಲಿಲ್ಲ. ತಲೆ ತಗ್ಗಿಸಿಕೊಂಡೇ ಅವರು ಹೇಳಿದರು:

"ವರ್ಷದ ದಿನ ಅವರು ಹಾಗಂದಾಗ ನಂಗೆ ಹೇಳ್ಬೇಕು ಅನ್ನಿಸ್ತು, ನಾನು ಮಾಡ್ಲಿಲ್ಲ, ಇವಳು ಮಾಡಿದ್ದು ಅಂತ. ಹೇಳ್ಲಿಲ್ಲ. ಯಾಕೆ ಗೊತ್ತಾ? ನಾನು ಗಂಜಿ ತೊಗೊಂಡು ಹೋದ್ರೆ ನಿಮ್ಮಮ್ಮ ಬಾಯಿ ತೆಗೀತಿರ್ಲಿಲ್ಲ. ನಿನ್ನ ಕೈಯಿಂದಾನೇ ಆಗ್ಬೇಕಿತ್ತು. ಎಷ್ಟು ವರ್ಷ ಆದ್ರೂ ನಾನು ಹೊರಗಿನವಳೇ ಆಗಿದ್ದೆ. ಆವತ್ತೊಂದು ದಿನ ನನ್ನ ಹೆಸರು ಬಂತು, ಬರ್ಲಿ ಅಂತ ಸುಮ್ನಿದ್ದೆ."

ಅಮ್ಮ ಬಾಯಿ ತೆರೆಯದೆ ಇರುತ್ತಿದ್ದದ್ದು ನನಗೆ ಗೊತ್ತಿತ್ತು. ನನಗೆ ಅದರಿಂದ ಒಳಗೊಳಗೇ ಸಂತೋಷವಾಗುತ್ತಿದ್ದದ್ದೂ ಗೊತ್ತಿತ್ತು. ಅಷ್ಟರಲ್ಲಿ ಅವರ ಹಿರಿಯ ಮಗಳು ಶಾಲೆಯಿಂದ ಬಂದಳು. ಅತ್ತಿಗೆ ಮೊರ ಕೆಳಗಿಟ್ಟು ಎದ್ದುಹೋದರು. ಮತ್ತೆ ನಾವು ಆ ಮಾತಿಗೆ ಬರಲಿಲ್ಲ. ಪಾತ್ರೆಯ ಸದ್ದು ಮಾತ್ರ ಆಮೇಲೆ ನನಗೆ ಬೇರೆ ಥರ ಕೇಳತೊಡಗಿತು.

ಆ ವರ್ಷದ ಕೊನೆಗೆ ಹುಡುಗ ಪರೀಕ್ಷೆ ಬರೆದ. ಅವನು ಹೇಳಿದ್ದನ್ನು ಬರೆಯಲು ಸಂಸ್ಥೆಯವರು ಒಬ್ಬ ಕಾಲೇಜು ವಿದ್ಯಾರ್ಥಿಯನ್ನು ಗೊತ್ತುಮಾಡಿದ್ದರು. ಪರೀಕ್ಷೆ ಮುಗಿಸಿ ಬಂದ ಹುಡುಗ, ಕೋಪದ ಪದಗಳಲ್ಲಿ ಒಂದೂ ಬರಲಿಲ್ಲ ಮೇಡಂ, ಸುಮ್ನೆ ಕಷ್ಟಪಟ್ವಿ ಎಂದು ದೂರಿದ. ಫಲಿತಾಂಶ ಬಂದಾಗ ಪಾಸಾಗಿದ್ದ. ಹಾಸನದ ಕಡೆಯ ಒಂದು ಶಾಖೆಗೆ ಹಾಕಿದ್ದರು.

ಕೆಲಸಕ್ಕೆ ಸೇರಲು ಒಳ್ಳೆಯ ಶರ್ಟು ಬೇಕೆಂದು ಹೇಳಿದ. ನಾನೇ ಅವನನ್ನು ಚಿಕ್ಕಪೇಟೆಗೆ ಕರೆದುಕೊಂಡು ಹೋದೆ. ನನ್ನ ಮೊಣಕೈ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯುತ್ತಿದ್ದ. ತಳ್ಳುಗಾಡಿ, ಸ್ಕೂಟರು, ಮೂಟೆ ಹೊತ್ತವರ ನಡುವೆ ದಾರಿ ಮಾಡಿಕೊಂಡು ಹೋಗುವಾಗ ನನಗೆ ಬಹಳ ದಿನಗಳ ಮೇಲೆ ಯಾರೋ ನನ್ನನ್ನು ಮುಟ್ಟಿಕೊಂಡು ನಡೆಯುತ್ತಿದ್ದಾರೆ ಎನಿಸಿತು. ಅಮ್ಮನನ್ನು ಎತ್ತಿ ಕೂರಿಸುವಾಗ ಅವಳ ತೋಳು ನನ್ನ ಕತ್ತಿನ ಮೇಲಿರುತ್ತಿತ್ತು. ಆಮೇಲೆ ಇದೇ. ಅಂಗಡಿಯಲ್ಲಿ ಅವನು ಬಟ್ಟೆಯನ್ನು ಬೆರಳ ನಡುವೆ ಉಜ್ಜಿ ಉಜ್ಜಿ ನೋಡಿ ಕೊನೆಗೆ ಒಂದನ್ನು ಆರಿಸಿ, ಇದು ಯಾವ ಬಣ್ಣ ಎಂದು ಕೇಳಿದ. ತಿಳಿನೀಲಿ ಅಂದೆ. ಆ ಏಟು ಬಿದ್ದ ನೀಲಿಯಾ ಎಂದ. ಅಲ್ಲ, ಇದು ಬೇರೆ, ಇದು ಬೆಳಗಿನ ಆಕಾಶದ್ದು ಅಂದೆ. ಸರಿ ಹಾಗಾದರೆ ಎಂದು ಅದನ್ನೇ ತೆಗೆದುಕೊಂಡ.

ಮೆಜೆಸ್ಟಿಕ್ಕಿನಲ್ಲಿ ಅವನನ್ನು ಬಸ್ಸು ಹತ್ತಿಸಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬಸ್ಸು ಹೊರಡುವಾಗ ನಾನು ಕೈ ಬೀಸಿದೆ. ಆಮೇಲೆ ಅದು ಅವನಿಗೆ ಕಾಣುವುದಿಲ್ಲ ಎಂದು ನೆನಪಾಗಿ, ಅವನ ಹೆಸರು ಹಿಡಿದು ಕೂಗುವಷ್ಟರಲ್ಲಿ ಬಸ್ಸು ತಿರುಗಿತ್ತು.

ಸಂಸ್ಥೆಗೆ ಅವನು ಕ್ಯಾಸೆಟ್ಟುಗಳನ್ನೆಲ್ಲ ಹಿಂದಿರುಗಿಸಿದ್ದ. ಅಲ್ಲಿನ ಪದ್ಧತಿಯಂತೆ ಅವು ಇನ್ನೊಬ್ಬ ವಿದ್ಯಾರ್ಥಿಯ ಚರಿತ್ರೆಯ ಪಾಠಕ್ಕೆ ಬಂದವು. ಹಳೆಯದರ ಮೇಲೆ ಹೊಸದನ್ನು ನಾನೇ ತುಂಬಿಸಿದೆ.

ಅದರ ಮುಂದಿನ ಜೂನಿನಲ್ಲಿ ನನಗೆ ಮಲ್ಲೇಶ್ವರದ ಒಂದು ನರ್ಸರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ದಿನವೂ ಎರಡು ಬಸ್ಸು ಹಿಡಿಯುವ ಬದಲು ಅಲ್ಲೇ ಒಂದು ರೂಮು ನೋಡಿಕೊಳ್ಳುತ್ತೇನೆ ಎಂದು ಅಣ್ಣನಿಗೆ ಹೇಳಿದೆ. ಅದು ನೆಪವೆಂದು ಅವನಿಗೂ ತಿಳಿದಿತ್ತು. ನೋಡಿದವರು ಏನಂದುಕೊಳ್ಳುತ್ತಾರೆ ಎಂದು ಒಮ್ಮೆ ಹೇಳಿದ. ಆಮೇಲೆ ಅವನೇ ಆಟೋ ತಂದು, ನನ್ನ ಟ್ರಂಕನ್ನು ಎತ್ತಿ ಇಟ್ಟ. ಅತ್ತಿಗೆ ಒಂದು ಡಬ್ಬಿ ಹುಳಿಪುಡಿ, ಒಂದು ಡಬ್ಬಿ ಚಟ್ನಿಪುಡಿ ಕೊಟ್ಟರು.

ಮಹಡಿಯ ಮೇಲಿನ ಒಂಟಿ ಕೋಣೆ. ಒಂದೇ ಕಿಟಕಿ, ಅದರಾಚೆ ಹೊಂಗೆ ಮರ. ಮೊದಮೊದಲು ಹಿತವಾಗಿತ್ತು. ಬೇಕಾದಾಗ ಅಡುಗೆ, ಬೇಕಾದಾಗ ದೀಪ. ಒಂದು ಸಂಜೆ ಒಲೆಯ ಮೇಲಿಟ್ಟ ಹಾಲು ಉಕ್ಕಿಹೋಯಿತು. ಯಾರಾದರೂ ನೋಡಬಾರದೇ ಎಂದು ರೇಗಿ ಹಿಂದೆ ತಿರುಗಿದೆ. ಮಂಚ, ಟ್ರಂಕು, ಗೋಡೆಯ ಮೇಲೆ ಅಮ್ಮನ ಫೋಟೋ. ಕೋಪ ಮಾಡಿಕೊಳ್ಳಲು ಕೂಡ ಆ ಕೋಣೆಯಲ್ಲಿ ನನಗೆ ಯಾರೂ ಇರಲಿಲ್ಲ. ಒಲೆ ಒರೆಸಿ ಕಪ್ಪು ಕಾಫಿ ಮಾಡಿಕೊಂಡೆ.

ಶನಿವಾರಗಳಲ್ಲಿ ಚಾಮರಾಜಪೇಟೆಗೆ ಹೋಗುವುದನ್ನು ಕೆಲವು ವರ್ಷ ಮುಂದುವರಿಸಿದೆ. ಹುಡುಗ ಒಂದು ಸಲ ಸಂಸ್ಥೆಯ ಫೋನಿಗೆ ಕರೆ ಮಾಡಿ ಮದುವೆಗೆ ಕರೆದ. ಶಾಲೆಯ ಪರೀಕ್ಷೆಗಳ ಸಮಯ, ಹೋಗಲಾಗಲಿಲ್ಲ. ಆಮೇಲೆ ಅವನ ಸುದ್ದಿ ಬರಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ಸಂಸ್ಥೆಗೆ ಕಂಪ್ಯೂಟರು ಬಂತು. ಇಂಗ್ಲಿಷ್ ಪುಟವನ್ನು ಅದೇ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಎಲ್ಲ ಪದವನ್ನೂ ಒಂದೇ ದನಿಯಲ್ಲಿ, ತಪ್ಪಿಲ್ಲದೆ, ಎಷ್ಟು ಬೇಗ ಬೇಕೋ ಅಷ್ಟು ಬೇಗ. ಹುಡುಗರಿಗೆ ಅದು ಇಷ್ಟವಾಯಿತು. ನಮ್ಮಂಥ ಓದುಗರನ್ನು ಯಾರೂ ಬರಬೇಡಿ ಎನ್ನಲಿಲ್ಲ. ನಾನೇ ಒಂದೆರಡು ಶನಿವಾರ ತಪ್ಪಿಸಿದೆ, ಆಮೇಲೆ ಬಿಟ್ಟೆ.

ಅಣ್ಣ ನಿವೃತ್ತನಾದ ಮೇಲೆ ಒಂದು ಭಾನುವಾರ ಹೇಳದೆ ಕೇಳದೆ ಬಂದ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. ನನ್ನಲ್ಲಿದ್ದ ಒಂದೇ ಕುರ್ಚಿಯಲ್ಲಿ ಅವನು ಕೂತ, ನಾನು ಮಂಚದ ಮೇಲೆ ಕೂತೆ. ಕೋಣೆಗೆ ಗಾಳಿ ಚೆನ್ನಾಗಿದೆ ಅಂದ. ನೀರು ದಿನಾ ಬರತ್ತಾ ಎಂದು ಕೇಳಿದ. ಹುಡುಗಿಯರ ಕಾಲೇಜು, ಅತ್ತಿಗೆಯ ಮಂಡಿನೋವು, ಎದುರುಮನೆ ಮೇಷ್ಟರು ತೀರಿಕೊಂಡದ್ದು, ಎಲ್ಲ ಹೇಳಿದ. ಅಮ್ಮನ ಫೋಟೋ ಕಡೆ ಒಂದೆರಡು ಸಲ ನೋಡಿದ. ನನ್ನೊಳಗೆ ಆ ಹಳೆಯ ನೋವಿದೆಯೇ ಎಂದು ಮೆಲ್ಲಗೆ ತಡವಿ ನೋಡಿಕೊಂಡೆ. ಇತ್ತೋ ಇಲ್ಲವೋ ನನಗೇ ಸರಿಯಾಗಿ ಗೊತ್ತಾಗಲಿಲ್ಲ.

ಕಾಫಿ ಕುಡಿದು ಅವನು ಎದ್ದ. ಬರ್ತೀನಿ ಎಂದ. ಊಟ ಮಾಡಿಕೊಂಡು ಹೋಗು ಎಂದು ನಾನು ಹೇಳಿದ್ದು ಅವನು ಅರ್ಧ ಮೆಟ್ಟಿಲು ಇಳಿದ ಮೇಲೆ. ಅವನು ಅಲ್ಲೇ ನಿಂತು, ಕಂಬಿ ಹಿಡಿದುಕೊಂಡು, ಇನ್ನೊಂದು ದಿನ ಬರ್ತೀನಿ, ಅವಳು ಕಾಯ್ತಿರ್ತಾಳೆ ಅಂದ. ಮೇಲಿನಿಂದ ನೋಡುತ್ತಿದ್ದೆ. ಬಿಸಿಲಲ್ಲಿ ರಸ್ತೆ ದಾಟಿ, ಸಂಪಿಗೆ ರಸ್ತೆಯ ಕಡೆ ಆಟೋ ಹುಡುಕುತ್ತ ನಿಧಾನವಾಗಿ ನಡೆದು, ಮೂಲೆಯಲ್ಲಿ ತಿರುಗಿದ.